ಹಿತ್ತಾಳೆ ಎಂಜಿನ್ನಿಗೆ ದನಿ ಕೂರಿಸುವ ಕೆಲಸ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಡುರಾಂಗೊ ಎಂಬ ಬೆಟ್ಟದ ಊರಿದೆ. ಅಲ್ಲಿಂದ ಸಿಲ್ವರ್‌ಟನ್‌ಗೆ ಉಗಿ ಎಂಜಿನ್ ಎಳೆಯುವ ರೈಲು ಇವತ್ತಿಗೂ ಓಡುತ್ತದೆ. 1882ರಲ್ಲಿ ಗಣಿಗಳಿಗಾಗಿ ಹಾಕಿದ ಮೂರಡಿ ಅಗಲದ ಹಳಿ, ಉದ್ದ ಸುಮಾರು 72 ಕಿ.ಮೀ. ಬಾಲ್ಡ್‌ವಿನ್ ಕಾರ್ಖಾನೆ 1925ರಲ್ಲಿ ಕಟ್ಟಿದ ಕೆ-36 ಎಂಜಿನ್‌ಗಳು ಅಲ್ಲಿ ಇನ್ನೂ ದುಡಿಯುತ್ತಿವೆ. ಅದೇ ಊರಿನಲ್ಲಿ ಸೌಂಡ್‌ಟ್ರಾಕ್ಸ್ ಎಂಬ ಕಂಪನಿಯೂ ಇದೆ. ಬೆರಳಗಲದ ಸರ್ಕ್ಯೂಟ್ ಹಲಗೆಯೊಳಗೆ ಉಗಿಯ ಏದುಸಿರು, ಕೂಗು, ಗಂಟೆ, ಪಂಪುಗಳ ಬಡಿತವನ್ನೆಲ್ಲ ತುಂಬಿ ಕೊಡುವುದು ಅದರ ಕಸುಬು. ಈ ಹಲಗೆಯ ಹೆಸರು ಸೌಂಡ್ ಡಿಕೋಡರ್. ಅಂಗೈ ಮೇಲೆ ನಿಲ್ಲುವ ಹಿತ್ತಾಳೆಯ ಕೆ-36 ಮಾದರಿಯೊಳಗೆ ಅದನ್ನು ಕೂರಿಸುವುದು ಮಾದರಿ ರೈಲಿನ ಹವ್ಯಾಸಿಗಳ ನಡುವೆ ಒಂದು ಪ್ರತ್ಯೇಕ ಕುಶಲಕಲೆಯಾಗಿ ಬೆಳೆದಿದೆ.

ಹಿತ್ತಾಳೆ ಎಂಜಿನ್‌ಗಳಿಗೆ ಅವುಗಳದೇ ಚರಿತ್ರೆಯಿದೆ. ಎರಡನೇ ಮಹಾಯುದ್ಧದ ನಂತರ ಜಪಾನಿನ ಸಣ್ಣ ಕಾರ್ಖಾನೆಗಳು, ಆಮೇಲೆ ಕೊರಿಯಾದವು, ಇವನ್ನು ಕೈಯಲ್ಲೇ ಬೆಸೆದು ಕಟ್ಟಿದವು. ಪೆಸಿಫಿಕ್ ಫಾಸ್ಟ್ ಮೇಲ್‌ನಂಥ ಸಂಸ್ಥೆಗಳು ಅಮೆರಿಕಕ್ಕೆ ತರಿಸಿ ಮಾರಿದವು. ಹೆಚ್ಚಿನವು ಅಸಲಿನ 87ರಲ್ಲಿ ಒಂದು ಭಾಗದ ಅಳತೆಯವು. ಬಾಯ್ಲರಿಗೆ ತೆಳು ತಗಡು, ಪಂಪು-ಕವಾಟಗಳಿಗೆ ಮೇಣದಚ್ಚಿನ ಎರಕ. ಒಂದೊಂದು ಮಾದರಿಯೂ ಕಡಿಮೆ ಸಂಖ್ಯೆಯಲ್ಲಿ ತಯಾರಾದ ಕಾರಣ ಇವುಗಳಲ್ಲಿ ಬಹಳಷ್ಟು ಸಂಗ್ರಾಹಕರ ಪೆಟ್ಟಿಗೆಯಲ್ಲೇ ಉಳಿದಿವೆ. ಓಡಲೆಂದು ಗಾಲಿ, ಮೋಟರ್ ಇಟ್ಟು ಕಟ್ಟಿದ್ದನ್ನು ಹತ್ತಿಯಲ್ಲಿ ಸುತ್ತಿಡುವುದು ನನಗೆ ಸಮ್ಮತವಲ್ಲ. ಆದರೆ ಡಿಕೋಡರ್ ಕೂರಿಸುವವರು ಮೂಲ ಕೆಲಸಕ್ಕೆ ಗಾಯ ಮಾಡಬಾರದು. ನಾಳೆ ಬೇಕೆಂದರೆ ಎಲ್ಲವನ್ನೂ ಬಿಚ್ಚಿ ಹಳೆಯ ಸ್ಥಿತಿಗೆ ತರುವಂತಿರಬೇಕು.

ಸದ್ದಿನ ಆಸೆ ಹೊಸದಲ್ಲ. ಪೆಸಿಫಿಕ್ ಫಾಸ್ಟ್ ಮೇಲ್ 1970ರ ದಶಕದಲ್ಲೇ ಹೊರಗೆ ಹುಟ್ಟಿಸಿದ ಸದ್ದನ್ನು ಹಳಿಯ ಮೂಲಕ ಟೆಂಡರಿನ, ಅಂದರೆ ಎಂಜಿನ್ನಿನ ಹಿಂದೆ ಇಂಧನ, ನೀರು ಹೊರುವ ಬಂಡಿಯ, ಸ್ಪೀಕರಿಗೆ ಕಳಿಸುತ್ತಿತ್ತು. 1990ರ ದಶಕದಲ್ಲಿ ಜರ್ಮನಿಯ ಲೆಂಟ್ಸ್ ಕಂಪನಿಯ ತಂತ್ರವನ್ನು ಆಧರಿಸಿ ಅಮೆರಿಕದ ಮಾದರಿ ರೈಲು ಸಂಘ ಡಿಸಿಸಿ ಎಂಬ ಡಿಜಿಟಲ್ ಮಾನಕವನ್ನು ರೂಪಿಸಿತು. ಇದರಲ್ಲಿ ಹಳಿಯಲ್ಲಿ ಸದಾ ಸುಮಾರು 14 ವೋಲ್ಟ್ ಇರುತ್ತದೆ. ಆ ವಿದ್ಯುತ್ತಿನ ದಿಕ್ಕು ಪಟಪಟನೆ ಬದಲಾಗುವ ಲಯದಲ್ಲೇ ಆಜ್ಞೆಗಳು ಅಡಗಿರುತ್ತವೆ. ಒಂದೊಂದು ಎಂಜಿನ್ನಿಗೂ ಒಂದೊಂದು ಸಂಖ್ಯೆ. ತನ್ನ ಸಂಖ್ಯೆ ಕಂಡರೆ ಮಾತ್ರ ಡಿಕೋಡರ್ ಓಗೊಡುತ್ತದೆ.

ಹಳೆಯ ಹಿತ್ತಾಳೆ ಎಂಜಿನ್ನಿನಲ್ಲಿ ಇಡೀ ಒಡಲೇ ತಂತಿ. ಎಂಜಿನ್ ಒಂದು ಹಳಿಯಿಂದ ವಿದ್ಯುತ್ ಹೀರುತ್ತದೆ, ಟೆಂಡರ್ ಇನ್ನೊಂದರಿಂದ. ಎರಡನ್ನೂ ಕೂಡಿಸುವ ಕೊಂಡಿಯ ಒಂದು ತುದಿಗೆ ಮಾತ್ರ ವಿದ್ಯುತ್ ಹರಿಯದ ಬಿಲ್ಲೆ. ಮೋಟರಿನ ಒಂದು ಬ್ರಶ್ಶು ನೇರ ಚೌಕಟ್ಟಿಗೇ ತಾಗಿರುತ್ತದೆ. ಹಾಗೇ ಡಿಕೋಡರ್ ಜೋಡಿಸಿದರೆ ಹಳಿಯ ವಿದ್ಯುತ್ ಅದರ ಮೋಟರ್ ತಂತಿಗೇ ನುಗ್ಗಿ, ಕ್ಷಣದಲ್ಲಿ ಸುಟ್ಟ ವಾಸನೆ ಏಳುತ್ತದೆ. ಅದಕ್ಕೇ ಮೊದಲ ಕೆಲಸ ಮೋಟರನ್ನು ಒಡಲಿನಿಂದ ಬೇರ್ಪಡಿಸುವುದು. ಲೋಹದ ತಿರುಪು ತೆಗೆದು ನೈಲಾನ್ ತಿರುಪು ಹಾಕುತ್ತಾರೆ, ಅಡಿಗೆ ವಿದ್ಯುತ್ ಹರಿಯದ ಜೇನುಬಣ್ಣದ ಕ್ಯಾಪ್ಟಾನ್ ಟೇಪು ಅಂಟಿಸುತ್ತಾರೆ, ಆ ಬ್ರಶ್ಶಿಗೆ ಬೇರೆಯೇ ತಂತಿ ಕೊಡುತ್ತಾರೆ. ಮಲ್ಟಿಮೀಟರಿನ ಒಂದು ಮೊನೆ ಬ್ರಶ್ಶಿಗೆ, ಇನ್ನೊಂದು ಚೌಕಟ್ಟಿಗೆ ಇಟ್ಟು ನೋಡಬೇಕು. ಗಾಲಿಗಳನ್ನು ಸುತ್ತಿಸಿ, ಎಂಜಿನ್ನನ್ನು ಓರೆ ಮಾಡಿ ಮತ್ತೆ ನೋಡಬೇಕು. ಮೀಟರ್ ಒಮ್ಮೆಯೂ ಕೀಂಯ್ ಎನ್ನದಿದ್ದರೆ ಮುಂದಿನ ಹೆಜ್ಜೆ: ಕೆಂಪು, ಕಪ್ಪು ತಂತಿ ಹಳಿಯ ಕಡೆಗೆ, ಕಿತ್ತಳೆ, ಬೂದು ತಂತಿ ಮೋಟರಿಗೆ. ಒಡಲಿಗೆ ಬೆಸುಗೆ ಹಾಕುವುದನ್ನು ಆದಷ್ಟು ತಪ್ಪಿಸುತ್ತಾರೆ. ಹಿತ್ತಾಳೆ ಕಾವನ್ನು ಬಲು ಬೇಗ ಹರಡುತ್ತದೆ. ಇಲ್ಲಿ ತಂತಿ ಕೂರುವಷ್ಟರಲ್ಲಿ ಅಲ್ಲಿ ಯಾರೋ ಜಪಾನಿ ಕೆಲಸಗಾರ ಕೂರಿಸಿದ ಏಣಿ ಕಳಚಿ ಬಿದ್ದಿರುತ್ತದೆ.

ಡಿಕೋಡರ್, ಸ್ಪೀಕರ್ ಎರಡಕ್ಕೂ ಜಾಗ ಸಾಮಾನ್ಯವಾಗಿ ಟೆಂಡರಿನಲ್ಲೇ. ಸ್ಪೀಕರಿನ ಹಿಂಭಾಗ ಗಾಳಿಯಾಡದ ಡಬ್ಬಿಯಲ್ಲಿರಬೇಕು. ಇಲ್ಲವಾದರೆ ಮುಂದಿನ ಅಲೆ, ಹಿಂದಿನ ಅಲೆ ಒಂದನ್ನೊಂದು ನುಂಗಿ ಸದ್ದು ಸೊರಗುತ್ತದೆ. ಗಾಲಿಗೆ ಕೊಳೆ ಹಿಡಿದು ವಿದ್ಯುತ್ ಅರೆಕ್ಷಣ ತಪ್ಪಿದರೂ ಸದ್ದು ಕಡಿಯುತ್ತದೆ, ಆದ್ದರಿಂದ ಪಕ್ಕದಲ್ಲಿ ವಿದ್ಯುತ್ ಕೂಡಿಟ್ಟುಕೊಳ್ಳುವ ಒಂದು ಕಪಾಸಿಟರನ್ನೂ ಇಡುವುದು ಒಳ್ಳೆಯದು.

ಇನ್ನು ಎಲ್ಲಕ್ಕಿಂತ ಸೊಗಸಿನ ಭಾಗ. ಎರಡು ಸಿಲಿಂಡರಿನ ಉಗಿ ಎಂಜಿನ್ ಗಾಲಿಯ ಒಂದು ಸುತ್ತಿಗೆ ನಾಲ್ಕು ಸಲ ಉಗಿ ಉಗುಳುತ್ತದೆ; ಆ ಒಂದೊಂದು ಏದುಸಿರೇ ಚಫ್. ಕೆ-36ರ ಗಾಲಿಯ ವ್ಯಾಸ 44 ಇಂಚು, ಅಂದರೆ ಒಂದು ಸುತ್ತಿಗೆ ಸುಮಾರು ಮೂರೂವರೆ ಮೀಟರ್ ದಾರಿ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಮೂರು ಚಫ್ ಕೇಳಬೇಕು. ಡಿಕೋಡರ್ ಮೋಟರಿನ ವಿದ್ಯುತ್ತನ್ನು ಆಗಾಗ ಕ್ಷಣಾರ್ಧ ನಿಲ್ಲಿಸಿ, ಸುತ್ತುತ್ತಿರುವ ಮೋಟರ್ ತಾನೇ ಹುಟ್ಟಿಸುವ ವೋಲ್ಟೇಜನ್ನು ಅಳೆದು ವೇಗವನ್ನೂ ಹೊರೆಯನ್ನೂ ಅಂದಾಜು ಮಾಡುತ್ತದೆ. ಏರಿನಲ್ಲಿ ಚಫ್ ಗಡುಸಾಗುತ್ತದೆ. ಇಳಿಜಾರಿನಲ್ಲಿ ಅಡಗಿ, ಬರೀ ಕಬ್ಬಿಣದ ಕಡ್ಡಿಗಳ ಕಟಕಟ ಉಳಿಯುತ್ತದೆ. ಅಂದಾಜು ಸಾಲದೆನಿಸಿದರೆ ಗಾಲಿಯ ಅಚ್ಚಿಗೇ ಪುಟ್ಟ ಸ್ವಿಚ್ಚು ಕೂರಿಸಬಹುದು. ಕಣ್ಣು ಕಡ್ಡಿಯ ಮೇಲೆ, ಕಿವಿ ಸ್ಪೀಕರಿನ ಕಡೆ ಇಟ್ಟು ಡಿಕೋಡರಿನ ಹೊಂದಾಣಿಕೆಯ ಒಂದೊಂದೇ ಅಂಕಿ ತಿದ್ದುತ್ತ ಎರಡನ್ನೂ ತಾಳಕ್ಕೆ ತರಲು ಸಂಜೆಗಳೇ ಬೇಕು.

ಕಾರ್ಖಾನೆಯಿಂದ ಬರುವಾಗ ಡಿಕೋಡರಿನ ಸದ್ದು ಹೆಚ್ಚಾಗಿ ಜೋರಾಗಿಯೇ ಇರುತ್ತದೆ. ನನ್ನ ಅನಿಸಿಕೆಯಲ್ಲಿ ಅದನ್ನು ಅರ್ಧಕ್ಕಿಂತ ಕೆಳಗಿಳಿಸಬೇಕು, ಗಂಟೆಯನ್ನು ಇನ್ನೂ ಕೆಳಗೆ. ಆಗ ಎಂಜಿನ್ ದೂರದಲ್ಲಿದ್ದಾಗ ಕೂಗು ಮಾತ್ರ ಕೇಳುತ್ತದೆ, ಹತ್ತಿರ ಬಂದ ಮೇಲೆ ಏದುಸಿರು, ನಿಂತ ಮೇಲೆ ಗಾಳಿ ಪಂಪಿನ ಬಡಿತ.