ಕೆಸರುಬಯಲಿನ ಡಯಾಟಮ್‌ಗಳು: ಹೊಸ ಪ್ರಭೇದವನ್ನು ಗುರುತಿಸುವುದು ಹೇಗೆ?

ಇಳಿತದ ಹೊತ್ತಿಗೆ ಸಮುದ್ರ ಹಿಂದೆ ಸರಿದು ಬಿಸಿಲು ಬಿದ್ದರೆ, ಬಯಲಾದ ಕೆಸರಿನ ಮೇಲೆ ಹೊಂಗಂದು ಬಣ್ಣದ ತೆಳುಪೊರೆ ಮೂಡುತ್ತದೆ. ಅದು ಡಯಾಟಮ್‌ಗಳ ದಂಡು. ಒಂದೇ ಜೀವಕೋಶದ ಈ ಪಾಚಿಗಳು ಬೆಳಕನ್ನರಸಿ ಕೆಸರಿನೊಳಗಿಂದ ಮೇಲೆ ತೆವಳಿ ಬರುತ್ತವೆ, ಉಬ್ಬರ ಮರಳುವ ಮುನ್ನ ಮತ್ತೆ ಕೆಳಗಿಳಿಯುತ್ತವೆ. ಅವು ಒಸರುವ ಅಂಟು ಕೆಸರಿನ ಕಣಗಳನ್ನು ಬಿಗಿಹಿಡಿದು, ಅಲೆಗೆ ಸುಲಭವಾಗಿ ಕೊಚ್ಚಿಹೋಗದಂತೆ ತಡೆಯುತ್ತದೆ.

ಅವುಗಳನ್ನು ಹಿಡಿಯಲು ಈ ಓಡಾಟವೇ ಸಾಕು. ಲೆನ್ಸ್ ಒರೆಸುವ ತೆಳುಕಾಗದವನ್ನು ಒದ್ದೆ ಕೆಸರಿನ ಮೇಲೆ ಹಾಸಿದರೆ, ಬೆಳಕಿನತ್ತ ಹೊರಟ ಕೋಶಗಳು ತಾವಾಗಿಯೇ ಕಾಗದದ ಎಳೆಗಳೊಳಗೆ ಸೇರಿಕೊಳ್ಳುತ್ತವೆ. ಮಣ್ಣು ಬಹುಮಟ್ಟಿಗೆ ಕೆಳಗೇ ಉಳಿಯುತ್ತದೆ. ಹೀಗೆ ಸಿಕ್ಕ ಕೋಶಗಳಲ್ಲಿ ಕೆಲವನ್ನು ಒಂದೊಂದಾಗಿ ಬೇರ್ಪಡಿಸಿ ಬೆಳೆಸುತ್ತಾರೆ. ಉಳಿದವನ್ನು ಆಮ್ಲದಲ್ಲಿ ಕುದಿಸಿದರೆ ಜೀವದ್ರವ್ಯ ಕರಗಿಹೋಗಿ ಸಿಲಿಕದ ಕವಚವಷ್ಟೇ ಉಳಿಯುತ್ತದೆ.

ಡಬ್ಬಿಯ ಮೇಲೆ ಮುಚ್ಚಳ ಕೂತಂತೆ ಕವಚದ ಎರಡು ಹೋಳುಗಳು ಒಂದಕ್ಕೊಂದು ಕೂಡಿರುತ್ತವೆ. 10 ಮೈಕ್ರೊಮೀಟರ್ ಉದ್ದದಲ್ಲಿ ರಂಧ್ರಗಳ ಸಾಲು ಎಷ್ಟಿವೆ, ತೆವಳಲು ನೆರವಾಗುವ ಸೀಳು ಎಲ್ಲಿ ಬಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಗಾತ್ರವನ್ನು ಮಾತ್ರ ನೆಚ್ಚುವಂತಿಲ್ಲ. ಕೋಶ ಒಡೆದಾಗ ಪ್ರತಿ ಮರಿಕೋಶವೂ ತನಗೆ ಬಂದ ಹೋಳಿನೊಳಗೆ ಹೊಂದುವ ಚಿಕ್ಕ ಹೋಳನ್ನು ಕಟ್ಟಿಕೊಳ್ಳುವುದರಿಂದ, ಹೆಚ್ಚಿನ ಪ್ರಭೇದಗಳಲ್ಲಿ ಸರಾಸರಿ ಗಾತ್ರ ತಲೆಮಾರಿನಿಂದ ತಲೆಮಾರಿಗೆ ಕುಗ್ಗುತ್ತದೆ. ಸಾಮಾನ್ಯವಾಗಿ ಲೈಂಗಿಕ ಸಂತಾನೋತ್ಪತ್ತಿಯ ನಂತರವೇ ಅದು ಮೊದಲಿನಷ್ಟಾಗುವುದು. ಹೀಗಾಗಿ ಉದ್ದನೆಯದೂ ಗಿಡ್ಡನೆಯದೂ ಒಂದೇ ಪ್ರಭೇದದವಾಗಿರಬಹುದು.

ಕವಚವೊಂದನ್ನೇ ಇಲ್ಲವೇ ಬಣ್ಣವೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನೀಲಿ ಡಯಾಟಮ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಫ್ರಾನ್ಸಿನ ಮರೆನ್-ಒಲೆರೋ ಕೊಲ್ಲಿಯ ಅಂಚಿನ ಕೊಳಗಳಲ್ಲಿ ಸಾಕುವ ಸಿಂಪಿಗಳ ಕಿವಿರು ಹಸಿರಾಗುತ್ತದೆ. ಕೋಶದ ಎರಡೂ ತುದಿಗಳಲ್ಲಿ ನೀಲಿ ಬಣ್ಣ ತುಂಬಿಕೊಂಡ ಡಯಾಟಮ್ ಅದಕ್ಕೆ ಕಾರಣ. 1820ರಲ್ಲಿ ಗಯ್ಯೋನ್ ಅದನ್ನು ವಿಬ್ರಿಯೊ ಕುಲಕ್ಕೆ ಸೇರಿಸಿದ. ಮುಂದೆ ಅದು ನಾವಿಕ್ಯುಲಾ ಆಯಿತು. 1974ರಲ್ಲಿ ಸಿಮೊನ್ಸೆನ್, ನಾರ್ವೆಯ ವಿಜ್ಞಾನಿ ಗ್ರೇಟೆ ಹಸ್ಲೆಯ ಹೆಸರಿನಲ್ಲಿ ಹಸ್ಲಿಯಾ ಎಂಬ ಕುಲ ರಚಿಸಿದ ಮೇಲೆ ಹಸ್ಲಿಯಾ ಆಸ್ಟ್ರಿಯೇರಿಯಾ ಎಂಬ ಹೆಸರು ನಿಂತಿತು. ನೀಲಿ ಕಂಡರೆ ಅದೇ ಪ್ರಭೇದ ಎಂಬ ನಂಬಿಕೆ ಬಹುಕಾಲ ಉಳಿದಿತ್ತು.

2012ರಲ್ಲಿ ಕಪ್ಪು ಸಮುದ್ರದ ನೀಲಿ ಡಯಾಟಮ್ ಆ ನಂಬಿಕೆಯನ್ನು ಮುರಿಯಿತು. ಕವಚದಲ್ಲಿ ವ್ಯತ್ಯಾಸ ಅತ್ಯಲ್ಪ. ಆದರೆ ಅದರ ನೀಲಿ ವರ್ಣಕ ಬೆಳಕನ್ನು ಹೀರುವ ರೀತಿ ಬೇರೆ, ಡಿಎನ್‌ಎ ಅನುಕ್ರಮವೂ ಬೇರೆ. ಅದಕ್ಕೆ ಹಸ್ಲಿಯಾ ಕರದಾಗೆನ್ಸಿಸ್ ಎಂದು ಹೆಸರಾಯಿತು. 2019ರಲ್ಲಿ ಇಂಡೊನೇಷ್ಯಾದ ಜಾವಾ ಸಮುದ್ರದಿಂದ ಹಸ್ಲಿಯಾ ನುಸಂತಾರಾ ಬಂತು.

ಹೆಸರು ಅಧಿಕೃತವಾಗಬೇಕಾದರೆ ಲ್ಯಾಟಿನ್ ಇಲ್ಲವೇ ಇಂಗ್ಲಿಷಿನ ವಿವರಣೆ ಪ್ರಕಟವಾಗಬೇಕು, ಮಾದರಿ ಪ್ರತಿಯನ್ನು ಸಂಗ್ರಹಾಲಯದಲ್ಲಿ ಇಡಬೇಕು. ಈ ಪ್ರತಿ ಸಾಮಾನ್ಯವಾಗಿ ಕವಚಗಳಿರುವ ಗಾಜಿನ ಸ್ಲೈಡ್. ಹಳೆಯ ಪ್ರಭೇದಗಳೊಂದಿಗೆ ಹೋಲಿಸಿ ನೋಡಲು ಹೆಚ್ಚಾಗಿ ಉಳಿದಿರುವುದೂ ಅಂಥ ಸ್ಲೈಡುಗಳೇ. ಆದ್ದರಿಂದ ಡಿಎನ್‌ಎ ಬಂದಿತೆಂದು ಕವಚದ ಅಧ್ಯಯನವನ್ನು ಕೈಬಿಡುವುದು ದೊಡ್ಡ ನಷ್ಟ. ಬಣ್ಣವನ್ನಷ್ಟೇ ನೋಡಿ ಬೇರೆ ಬೇರೆ ಕರಾವಳಿಗಳಲ್ಲಿ ಆಸ್ಟ್ರಿಯೇರಿಯಾ ಎಂದು ಬರೆದಿಟ್ಟ ಹಳೆಯ ದಾಖಲೆಗಳನ್ನು ಈಗ ಕವಚ, ವರ್ಣಕ, ಡಿಎನ್‌ಎ ಮೂರರಿಂದಲೂ ಮತ್ತೆ ಪರೀಕ್ಷಿಸಬೇಕಾಗಿದೆ.