ದಿಣ್ಣೆ ಹತ್ತುವಾಗ ಇಂಜಿನ್ ಟಿಣ್ ಟಿಣ್ ಅಂತಿದೆಯಾ? ಬದಲಿಸೋ ಮೊದಲು ಹುಡುಕಿ

ಕಳೆದ ತಿಂಗಳು ಬೀನ್ಸ್ ಕ್ರೇಟ್ ತುಂಬಿಕೊಂಡು ಮಾರ್ಕೆಟ್‌ಗೆ ಹೊರಟಿದ್ದೆ. ಊರಾಚೆಯ ದಿಣ್ಣೆ ಹತ್ತುವಾಗ ನಮ್ಮ 2014ರ ಪೆಟ್ರೋಲ್ ವ್ಯಾನಿನಿಂದ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಸದ್ದು. ಗ್ಯಾರೇಜಿನಲ್ಲಿ ಬಾನೆಟ್ ಕೂಡ ಎತ್ತದೆ "ನಾಕ್ ಸೆನ್ಸಾರ್ ಹೋಗಿದೆ, ಬದಲಿಸಿ" ಅಂದರು. ಎಲೆ ಹಳದಿಯಾದ ಕೂಡಲೇ ಯೂರಿಯಾ ಹಾಕಿ ಅಂದ ಹಾಗಾಯ್ತು!

ಸದ್ದು ಯಾಕೆ ಬರುತ್ತೆ?
ಸ್ಪಾರ್ಕ್ ಬಿದ್ದ ಮೇಲೆ ಪೆಟ್ರೋಲ್-ಗಾಳಿ ಮಿಶ್ರಣ ಒಂದು ಕಡೆಯಿಂದ ಕ್ರಮವಾಗಿ ಉರಿಯಬೇಕು. ಶಾಖ, ಒತ್ತಡ ಜಾಸ್ತಿಯಾದರೆ ಉಳಿದ ಮಿಶ್ರಣ ತಾನಾಗೇ ಸಿಡಿಯುತ್ತೆ. ಅದೇ ಪಿಂಗಿಂಗ್. ಹೀಗೇ ಓಡಿಸಿದರೆ ಪಿಸ್ಟನ್, ಹೆಡ್ ಗ್ಯಾಸ್ಕೆಟ್ ಹಾಳಾಗಬಹುದು. ಸದ್ದು ಬಂದ ಕೂಡಲೇ ಆಕ್ಸಿಲರೇಟರ್ ಸಡಿಲಿಸಿ, ಒಂದು ಗೇರ್ ಇಳಿಸಿ.

ಮೊದಲು ನೋಡಬೇಕಾದ್ದು
1. ಕೂಲೆಂಟ್ ಮಟ್ಟ. ಬಿಸಿ ಇಂಜಿನ್‌ನ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ.
2. ಹೊಸ ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸಿದ ಮೇಲೆ ಶುರುವಾಯ್ತಾ?
3. ಸ್ಪಾರ್ಕ್ ಪ್ಲಗ್ ಮ್ಯಾನ್ಯುಯಲ್‌ನಲ್ಲಿ ಹೇಳಿದ ನಂಬರಿನದೇನಾ?
4. ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದೆಯಾ, ಇಲಿ ಕಡಿದಿದೆಯಾ? ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋದರೆ ಪೆಟ್ರೋಲ್ ಕಡಿಮೆಯಾಗಿ ಇಂಜಿನ್ ಹೆಚ್ಚು ಕಾಯುತ್ತೆ.

ಸೆನ್ಸಾರ್ ಎಲ್ಲಿರುತ್ತೆ?
- ನಾಕ್ ಸೆನ್ಸಾರ್: ಇಂಜಿನ್ ಬ್ಲಾಕಿಗೆ ಒಂದೇ ಬೋಲ್ಟಿನಲ್ಲಿ ಬಿಗಿದಿರುತ್ತೆ. ಹೆಚ್ಚಾಗಿ ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ. ಎಲ್ಲಾ ಹಳೇ ಗಾಡಿಯಲ್ಲೂ ಇರಲ್ಲ.
- ಕೂಲೆಂಟ್ ಟೆಂಪರೇಚರ್ ಸೆನ್ಸಾರ್: ರೇಡಿಯೇಟರಿನ ಮೇಲಿನ ಪೈಪ್ ಹಿಡಿದು ಹೋಗಿ, ಸಾಮಾನ್ಯವಾಗಿ ಥರ್ಮೋಸ್ಟಾಟ್ ಹತ್ತಿರ ಸಿಗುತ್ತೆ.
- ಮ್ಯಾಪ್ ಸೆನ್ಸಾರ್: ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲೆ, ಇಲ್ಲವೇ ಅಲ್ಲಿಂದ ಹೊರಟ ಸಣ್ಣ ಪೈಪಿನ ತುದಿಯಲ್ಲಿ.
- ಆಕ್ಸಿಜನ್ ಸೆನ್ಸಾರ್: ಎಕ್ಸಾಸ್ಟ್ ಪೈಪಿಗೆ ಸ್ಕ್ರೂ ಮಾಡಿರುತ್ತೆ.

ಫೋನ್ ಉಪಯೋಗಿಸಿ
ಸ್ಟೀರಿಂಗ್ ಕೆಳಗೆ 16 ಪಿನ್ನಿನ ಓಬಿಡಿ ಸಾಕೆಟ್ ಇದ್ದರೆ ಬ್ಲೂಟೂತ್ ಸ್ಕ್ಯಾನರ್ ಹಾಕಿ. ಪಿ0325 ಬಂದರೆ ನಾಕ್ ಸೆನ್ಸಾರ್ ಸರ್ಕ್ಯೂಟ್ ನೋಡಿ. ಪಿ0171 ಬಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಅಂತ ಅರ್ಥ. ಕೋಡ್ ಅಂದ್ರೆ ಸುಳಿವು, ತೀರ್ಪಲ್ಲ. ವೈರ್, ಪ್ಲಗ್ ನೋಡದೆ ಸೆನ್ಸಾರ್ ಕೊಳ್ಳಬೇಡಿ.

ನಮ್ಮ ವ್ಯಾನಿನಲ್ಲಿ ಯಾವ ಕೋಡೂ ಇರಲಿಲ್ಲ. ಆ್ಯಪ್‌ನಲ್ಲಿ ಕೂಲೆಂಟ್ 76 ಡಿಗ್ರಿ. ಆದರೆ ರಿಸರ್ವ್ ಟ್ಯಾಂಕ್ ಗುಳುಗುಳು ಅಂತಿದೆ, ಫ್ಯಾನ್ ತಿರುಗ್ತಿಲ್ಲ. ಯಾರೋ ಒಬ್ಬರು ಸುಳ್ಳು ಹೇಳ್ತಿದ್ದಾರೆ! ಇಂಜಿನ್ ಆರಿದ ಮೇಲೆ ಟೆಂಪರೇಚರ್ ಸೆನ್ಸಾರಿನ ಪ್ಲಗ್ ಬಿಚ್ಚಿದರೆ ಪಿನ್ನುಗಳಿಗೆ ಹಸಿರು ಕಿಲುಬು. ಈ ಸೆನ್ಸಾರಿನ ರೆಸಿಸ್ಟೆನ್ಸ್ ಬಿಸಿಯಾದಂತೆ ಇಳಿಯುತ್ತೆ. ಕಿಲುಬು ರೆಸಿಸ್ಟೆನ್ಸ್ ಹೆಚ್ಚಿಸಿದ್ದರಿಂದ ಕಂಪ್ಯೂಟರಿಗೆ ಇಂಜಿನ್ ತಣ್ಣಗಿದೆ ಅನಿಸಿ, ಫ್ಯಾನ್ ಹಾಕದೆ ಕೂತಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಉಜ್ಜಿದೆ, ಸರಿಹೋಯ್ತು. ಅದೇ ದಿಣ್ಣೆ, ಅಷ್ಟೇ ಲೋಡು, ಸದ್ದಿಲ್ಲ.

ಇಷ್ಟೆಲ್ಲಾ ನೋಡಿದ ಮೇಲೂ ಸದ್ದು ನಿಲ್ಲದಿದ್ದರೆ ಇಗ್ನಿಷನ್ ಟೈಮಿಂಗ್, ಒಳಗಿನ ಕಾರ್ಬನ್ ಪರೀಕ್ಷೆ ಮೆಕ್ಯಾನಿಕ್ ಕೆಲಸ. ಆದರೆ ನೀವು ನೋಡಿದ್ದನ್ನೆಲ್ಲ ಫೋಟೋ ತೆಗೆದಿಟ್ಟುಕೊಂಡು ಹೋಗಿ. ಆಗ ಅಂದಾಜಿಗೆ ಬಿಲ್ ಆಗಲ್ಲ.