ಕ್ಲಚ್ ತುಳಿಯುವ ಎಡಗಾಲಿನ ಲೆಕ್ಕ

ನವೆಂಬರ್ ಕೊನೆಗೆ ಪೋತ್ನಾಳದಲ್ಲಿ ರಾತ್ರಿ ರಸ್ತೆ ದಾಟುವವರು ಎರಡೂ ಕಡೆ ನೋಡಿದರೆ ಸಾಲದು, ಮೇಲಕ್ಕೂ ನೋಡಬೇಕು. ಲಾರಿಗಳ ಬೆನ್ನೇರಿ ಬರುವ, ನೆಲ್ಲು ಕಟಾವಿನ ಚೈನ್ ಮಷಿನ್‌ಗಳು ಕರೆಂಟಿನ ತಂತಿಗೆ ತಾಗುವಷ್ಟು ಎತ್ತರ. ಟೈರ್ ಮಷಿನ್‌ಗಳಿಗೆ ಲಾರಿ ಬೇಕಿಲ್ಲ, ರಸ್ತೆಯನ್ನೆಲ್ಲ ತುಂಬಿಕೊಂಡು ತಾವೇ ಓಡಿಬರುತ್ತವೆ. ತಮಿಳುನಾಡಿನ ನಂಬರ್, ಪಂಜಾಬಿನ ನಂಬರ್, ತೆಲಂಗಾಣದ ನಂಬರ್, ಎಲ್ಲ ಮಾನ್ವಿ–ಸಿಂಧನೂರು ರಸ್ತೆಗೆ ಬಂದು ಸೇರುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ನಾವು ಅದರ ಕೆಳಭಾಗದವರು. ನೀರು ತಡ, ನಾಟಿ ತಡ, ಕಟಾವು ತಡ. ಕೊನೆಗೆ ಎಲ್ಲರಿಗೂ ಒಂದೇ ವಾರದಲ್ಲಿ ಮಷಿನ್ ಬೇಕು.

ನನ್ನದು ಇದೇ ರಸ್ತೆಯ ಪಕ್ಕದ ತಗಡಿನ ಶೆಡ್ಡು, ಟ್ರ್ಯಾಕ್ಟರ್ ಮತ್ತು ಕಟಾವು ಮಷಿನ್ ರಿಪೇರಿ. ಈ ಹೊತ್ತಿನಲ್ಲಿ ಶೆಡ್ಡಿಗೆ ಬಂದವರು ಚಹಾ ಕುಡಿಯುತ್ತ ಕೇಳುವ ಪ್ರಶ್ನೆ ಒಂದೇ, ಗೇರಿನ ಮಷಿನ್ನೋ, ಎಣ್ಣೆಯ ಒತ್ತಡದಲ್ಲಿ ನಡೆಯುವ ಹೈಡ್ರೋವೋ ಅಂತ: "ಗೇರಿಂದು ಚಲೋನೋ, ಹೈಡ್ರೋ ಚಲೋನೋ? ಹೇಳ್ರಿ ಕಾಕಾ." ಪಟ್ಟಣದ ಹುಡುಗರು ಇದನ್ನೇ ಥಾರ್ ಜೀಪಿನ ಬಗ್ಗೆ, ರೆಸಾರ್ಟಿನಲ್ಲಿ ಓಡಿಸಿ ಬಂದ ನಾಲ್ಕು ಚಕ್ರದ ಎಟಿವಿ ಬಗ್ಗೆ ಕೇಳುತ್ತಾರೆ, ಮ್ಯಾನುಯಲ್ಲೋ ಆಟೋಮ್ಯಾಟಿಕ್ಕೋ ಅಂತ. ನಮ್ಮಲ್ಲಿ ಎಂಥ ನೆಲಕ್ಕೂ ಇಳಿಯುವ ಗಾಡಿ ಅಂದರೆ ಟ್ರ್ಯಾಕ್ಟರ್ ಮತ್ತು ಹಾರ್ವೆಸ್ಟರ್. ಎರೆಮಣ್ಣು ನೀರು ಕುಡಿದ ಮೇಲೆ ಅದರೊಳಗೆ ನಡೆಯುವುದಕ್ಕಿಂತ ದೊಡ್ಡ ಪರೀಕ್ಷೆ ಯಾವ ಎಟಿವಿಗೂ ಬೇಕಿಲ್ಲ.

ಗದ್ದೆ ಕೆಸರು ಮಾಡುವ ಟ್ರ್ಯಾಕ್ಟರ್ ಮೊದಲು ನೋಡೋಣ. ಹಿಂದಿನ ಟೈರಿಗೆ ಕಬ್ಬಿಣದ ಕೇಜ್‌ವೀಲ್ ಕಟ್ಟಿ, ಹಿಂದೆ ರೊಟಾವೇಟರ್ ಹಾಕಿ ಗದ್ದೆಗೆ ಇಳಿಸುತ್ತಾರೆ. (ಅದೇ ಕೇಜ್‌ವೀಲಿನಲ್ಲಿ ಡಾಂಬರು ರಸ್ತೆಗೂ ಬರುತ್ತಾರೆ. ಬರಬಾರದು ಅಂತ ನಿಯಮವಿದೆ, ನಮ್ಮ ರಸ್ತೆಗಳ ಮೇಲಿನ ಗೀರು ನೋಡಿದರೆ ನಿಯಮದ ಕಥೆ ತಿಳಿಯುತ್ತದೆ.) ಒಮ್ಮೆ ಲೋ ಗೇರ್ ಹಾಕಿದರೆ ಬದುವಿನಿಂದ ಬದುವಿಗೆ ಅದೇ ಗೇರ್. ರೊಟಾವೇಟರನ್ನು ತಿರುಗಿಸುವ ಹಿಂದಿನ ದಂಡ, ಪಿಟಿಒ, ನಿಮಿಷಕ್ಕೆ 540 ಸುತ್ತು ತಿರುಗುತ್ತಿರಬೇಕು, ಚಕ್ರ ಮಾತ್ರ ಮೆಲ್ಲಗೆ ಉರುಳಬೇಕು. ವೇಗ ಬದಲಾಗುವುದಿಲ್ಲ, ಗೇರ್ ಬದಲಿಸುವ ಕೆಲಸವೂ ಕಡಿಮೆ. ಹಲ್ಲಿಗೆ ಹಲ್ಲು ಕೂಡಿದ ಗೇರ್, ಎಂಜಿನ್ನಿನ ಶಕ್ತಿಯಲ್ಲಿ ಬಹುಪಾಲನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಡೀಸೆಲ್ ಲೆಕ್ಕ ಹಾಕುವವನಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಹೀಗಾಗಿ ಕೆಸರು ಮಾಡುವ ಟ್ರ್ಯಾಕ್ಟರ್ ಕೊಳ್ಳುವವನಿಗೆ ನಾನು ಎರಡನೇ ಮಾತಿಲ್ಲದೆ ಗೇರಿನದೇ ಹೇಳುತ್ತೇನೆ. ಒಂದು ಮಾತು ಮಾತ್ರ ಸೇರಿಸುತ್ತೇನೆ: ಡಬಲ್ ಕ್ಲಚ್ ಇರುವುದನ್ನು ನೋಡಿ ತಗೊ. ಒಂಟಿ ಕ್ಲಚ್ಚಿನಲ್ಲಿ ಕಾಲಿಟ್ಟರೆ ಚಕ್ರವೂ ನಿಲ್ಲುತ್ತದೆ, ರೊಟಾವೇಟರೂ ನಿಲ್ಲುತ್ತದೆ. ಡಬಲ್ ಕ್ಲಚ್ಚಿನಲ್ಲಿ ಅರ್ಧ ತುಳಿದರೆ ಚಕ್ರ ಮಾತ್ರ ನಿಲ್ಲುತ್ತದೆ, ಪಿಟಿಒ ತಿರುಗುತ್ತಲೇ ಇರುತ್ತದೆ.

ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಮುಟ್ಟದ ಹೊಲಗಳಲ್ಲಿ, ಹತ್ತಿ ತೊಗರಿ ಬೆಳೆಯುವ ಒಣ ಎರೆಯಲ್ಲಿ, ಗೇರೋ ಹೈಡ್ರೋವೋ ಅನ್ನುವ ಪ್ರಶ್ನೆಯೇ ಹುಟ್ಟುವುದಿಲ್ಲ. ಉದ್ದ ಸಾಲು, ಹದವಾದ ನೆಲ. ಹಳೆಯ ಸ್ಲೈಡಿಂಗ್ ಗೇರಿನ ಟ್ರ್ಯಾಕ್ಟರೂ ಅಲ್ಲಿ ಹತ್ತಾರು ವರ್ಷ ದುಡಿಯುತ್ತದೆ.

ಕ್ಲಚ್ ಸುಟ್ಟ ಟ್ರ್ಯಾಕ್ಟರ್ ಶೆಡ್ಡಿಗೆ ಬಂದರೆ ಏನಾಗುತ್ತದೆ ಅಂತ ಹೇಳಬೇಕು, ಗೇರಿನ ಗುಣ ತಿಳಿಯುವುದು ಅಲ್ಲೇ. ಕಾರಿನಂತೆ ಗೇರ್‌ಬಾಕ್ಸ್ ಒಂದನ್ನೇ ಇಳಿಸಿದರೆ ಆಗುವುದಿಲ್ಲ, ಗಾಡಿಯನ್ನೇ ಎರಡು ತುಂಡು ಮಾಡಬೇಕು. ಗೇರ್‌ಬಾಕ್ಸಿನ ಕೆಳಗೆ ಜಾಕ್, ಮುಂದಿನ ಆಕ್ಸಲ್ಲಿಗೆ ಎರಡೂ ಕಡೆ ಮರದ ಗುಟ್ಟ, ಸುತ್ತಲ ಬೋಲ್ಟ್ ಬಿಚ್ಚಿ ಎಂಜಿನ್ ಕಡೆಯ ಭಾಗವನ್ನು ಮುಂದಕ್ಕೆ ಉರುಳಿಸಿದರೆ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ. ಮೊದಲು ಮೂಗಿಗೆ ಬರುವುದು ಸುಟ್ಟ ಲೈನಿಂಗಿನ ವಾಸನೆ. ಪ್ಲೇಟು ತೆಗೆದರೆ ರಿವೆಟ್ಟಿನ ತಲೆಗಳು ಹೊಳೆಯುತ್ತಿರುತ್ತವೆ, ಪ್ರೆಶರ್ ಪ್ಲೇಟಿನ ಮೇಲೆ ಅವೇ ರಿವೆಟ್ಟುಗಳು ಕೊರೆದ ಗೆರೆ. ಡ್ರೈವರ್ ದಿನವಿಡೀ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸಿದ್ದಾನೆ ಅಂತ ರಿಲೀಸ್ ಬೇರಿಂಗೇ ಸಾಕ್ಷಿ ಹೇಳುತ್ತದೆ. ಗೇರ್‌ಬಾಕ್ಸಿನ ಎಣ್ಣೆ ಬಸಿಯುವಾಗ ಕೈಗೆ ಹಲ್ಲಿನ ಚೂರು ಸಿಕ್ಕರೆ, ಗಾಡಿ ಪೂರ್ತಿ ನಿಲ್ಲುವ ಮೊದಲೇ ಯಾರೋ ರಿವರ್ಸ್ ಹಾಕಿದ್ದಾರೆ. ಗೇರ್ ಅಂದರೆ ಹೀಗೆ, ತನ್ನ ಕಾಯಿಲೆಯನ್ನು ಮುಚ್ಚಿಡುವುದಿಲ್ಲ. ಸಪ್ಪಳ ಮಾಡುತ್ತದೆ, ಜಾರುತ್ತದೆ, ವಾಸನೆ ಕೊಡುತ್ತದೆ. ಪ್ಲೇಟು, ಬೇರಿಂಗು ಸಿಂಧನೂರಿನಲ್ಲಿ ಸಿಗುತ್ತವೆ, ಬೇವಿನ ಗಿಡದ ಕೆಳಗೆ ಕೂತು ಜೋಡಿಸಿಬಿಡಬಹುದು.

ಇಷ್ಟು ಹೇಳಿದ ಮೇಲೆ ಕಟಾವಿನಲ್ಲೂ ನಾನು ಗೇರಿನ ಪರ ಅಂದುಕೊಳ್ಳಬೇಡಿ.

ಹಾರ್ವೆಸ್ಟರ್ ಒಂದೇ ಎಂಜಿನ್ನಿನಿಂದ ಎರಡು ಕೆಲಸ ಮಾಡುತ್ತದೆ. ಗದ್ದೆಯಲ್ಲಿ ನಡೆಯಬೇಕು, ಹೊಟ್ಟೆಯೊಳಗೆ ನೆಲ್ಲು ಒಕ್ಕಬೇಕು. ಒಕ್ಕುವ ಡ್ರಮ್ಮಿಗೆ ಒಂದು ವೇಗ ಗೊತ್ತುಮಾಡಿರುತ್ತಾರೆ. ಅದು ಇಳಿದರೆ ಕಾಳು ತೆನೆಯಲ್ಲೇ ಉಳಿದು ಹುಲ್ಲಿನ ಜೊತೆ ಹಿಂದೆ ಹೋಗುತ್ತದೆ, ಇನ್ನೂ ಇಳಿದರೆ ಡ್ರಮ್ಮೇ ಜಾಮ್. ನಡಿಗೆಯ ವೇಗ ಮಾತ್ರ ಮಾರಿಗೊಮ್ಮೆ ಬದಲಾಗುತ್ತಿರಬೇಕು. ಸೋನಾ ಮಸೂರಿ ಅಂತ ನಾವು ಬೆಳೆಯುವ ಬಿಪಿಟಿ 5204 ಗಾಳಿಮಳೆಗೆ ಬೇಗ ಮಲಗುವ ತಳಿ. ನಿಂತ ಪೈರಿನಲ್ಲಿ ಬೀಸಾಗಿ ಹೋಗುತ್ತಿದ್ದ ಮಷಿನ್ ಬಿದ್ದ ಪೈರಿಗೆ ಬಂದಾಗ ತೆವಳಬೇಕು, ಎಂಜಿನ್ ಮಾತ್ರ ಅದೇ ಜೋರಿನಲ್ಲಿರಬೇಕು. ಆಕ್ಸಿಲರೇಟರ್ ಇಳಿಸುವಂತಿಲ್ಲ, ಇಳಿಸಿದರೆ ಡ್ರಮ್ಮೂ ಇಳಿಯುತ್ತದೆ.

ಹಾಗಾದರೆ ಗೇರಿನ ಮಷಿನ್‌ನಲ್ಲಿ ಡ್ರೈವರ್ ಏನು ಮಾಡಬೇಕು? ಹಾಫ್ ಕ್ಲಚ್. ಇಲ್ಲವೇ ಪೂರಾ ನಿಲ್ಲಿಸಿ ಕೆಳಗಿನ ಗೇರ್. ಪಂಜಾಬಿನ ಟೈರ್ ಮಷಿನ್‌ಗಳಲ್ಲಿ ಇದಕ್ಕೆ ಒಂದು ಉಪಾಯವಿದೆ. ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ ಅಗಲ ಬೆಲ್ಟು, ಹತ್ತಿರ-ದೂರ ಸರಿಯುವ ಪುಲ್ಲಿ. ಒಂದೇ ಗೇರಿನೊಳಗೆ ಸ್ವಲ್ಪ ಮೇಲೆ ಕೆಳಗೆ ಆಡಬಹುದು. ಒಣಗಿದ ದೊಡ್ಡ ಗದ್ದೆಗೆ ಅಷ್ಟು ಸಾಕು. ಪೂರ್ತಿ ನಿಲ್ಲಲು, ಹಿಂದೆ ಬರಲು ಮಾತ್ರ ಎಡಗಾಲು ಬೇಕೇ ಬೇಕು. ನಮ್ಮ ಸಣ್ಣ ಸಣ್ಣ ಮಡಿಗಳಲ್ಲಿ, ಪ್ರತಿ ಬದುವಿಗೂ ನಿಂತು ಹಿಂದೆ ಬಂದು ತಿರುಗುವ ಕಡೆ, ಸಂಜೆಯ ಹೊತ್ತಿಗೆ ಡ್ರೈವರನ ಮೊಣಕಾಲು ಮಾತಾಡತೊಡಗುತ್ತದೆ.

ಹೈಡ್ರೋದಲ್ಲಿ ಈ ಗೋಜಿಲ್ಲ. ಎಂಜಿನ್ ಒಂದು ಎಣ್ಣೆ ಪಂಪನ್ನು ತಿರುಗಿಸುತ್ತದೆ. ಪಂಪಿನೊಳಗೆ ಸಣ್ಣ ಪಿಸ್ಟನ್‌ಗಳು, ಅವುಗಳ ಎದುರಿಗೆ ಓರೆಯಾಗಬಲ್ಲ ಒಂದು ತಟ್ಟೆ. ತಟ್ಟೆ ನೆಟ್ಟಗಿದ್ದರೆ ಪಿಸ್ಟನ್‌ಗಳು ತಿರುಗುತ್ತವೆ, ಎಣ್ಣೆ ತಳ್ಳುವುದಿಲ್ಲ, ಗಾಡಿ ನಿಂತಲ್ಲೇ. ಕೈಹಿಡಿಯನ್ನು ಮುಂದೆ ತಳ್ಳಿದಷ್ಟೂ ತಟ್ಟೆ ಓರೆಯಾಗುತ್ತದೆ, ಓರೆಯಾದಷ್ಟೂ ಎಣ್ಣೆ ಹೆಚ್ಚು ಹರಿದು ಆಚೆಗಿರುವ ಮೋಟರನ್ನು ತಿರುಗಿಸುತ್ತದೆ. ಹಿಡಿ ಹಿಂದಕ್ಕೆಳೆದರೆ ತಟ್ಟೆ ಆಚೆ ಕಡೆ ಓರೆ, ಗಾಡಿ ರಿವರ್ಸ್. ಕ್ಲಚ್ಚಿಲ್ಲ, ಸಪ್ಪಳವಿಲ್ಲ, ಎಂಜಿನ್ ಪೂರಾ ಜೋರಿನಲ್ಲಿದ್ದಂತೆಯೇ ನಡಿಗೆಯನ್ನು ಇಂಚಿಗಿಳಿಸಬಹುದು. ಕುಬೋಟಾದ ಡಿಸಿ-68ಜಿ ತರಹದ ಚೈನ್ ಮಷಿನ್‌ಗಳಲ್ಲಿ ಇದರ ಜೊತೆ ಮೂರು ಹಂತದ ಸಣ್ಣ ಗೇರ್‌ಬಾಕ್ಸೂ ಇರುತ್ತದೆ. ಬಿದ್ದ ಪೈರಿಗೊಂದು, ನಿಂತ ಪೈರಿಗೊಂದು, ದಾರಿಗೊಂದು. ಅಂದರೆ ಪೂರ್ತಿ ಆಟೋಮ್ಯಾಟಿಕ್ ಅಂತ ನಾವು ಕರೆಯುವುದರೊಳಗೂ ಒಂದು ಗೇರ್ ಅಡಗಿ ಕೂತಿರುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಶಕ್ತಿಯನ್ನು ಎಣ್ಣೆಯ ಒತ್ತಡವಾಗಿಸಿ, ಅದನ್ನು ಮತ್ತೆ ತಿರುಗುವಿಕೆಯಾಗಿಸುವಾಗ ಒಂದು ಪಾಲು ಶಾಖವಾಗಿ ಹೋಗುತ್ತದೆ. ಅಷ್ಟು ಡೀಸೆಲ್ ಎಣ್ಣೆ ಕಾಯಿಸಲಿಕ್ಕೇ ಸರಿ. ಆ ಶಾಖ ಹೊರಗೆ ಹಾಕುವ ಕೂಲರಿಗೆ ನೆಲ್ಲಿನ ಹೊಟ್ಟು ಕಟ್ಟಿದರೆ ಇನ್ನೂ ಕಷ್ಟ. ಇಂಥ ಒಂದು ಪಂಪ್ ಬಿಚ್ಚಿದಾಗ ನಾನು ಮೊದಲು ನೋಡುವುದು ಹಿಂಬದಿಯ ವಾಲ್ವ್ ಪ್ಲೇಟು. ಬೆಳಕಿಗೆ ಹಿಡಿದರೆ ಮುಖ ಕಾಣುವಷ್ಟು ನುಣುಪಾಗಿರಬೇಕು. ಉಗುರನ್ನು ಅಡ್ಡ ಎಳೆದಾಗ ಎಲ್ಲಾದರೂ ಸಿಕ್ಕಿಕೊಂಡಿತೋ, ಆ ಗೀರಿನಲ್ಲಿ ಎಣ್ಣೆ ಸೋರುತ್ತಿದೆ ಅಂತ ಅರ್ಥ. ಗೀರು ಹಾಕಿದ್ದು ಯಾರು? ಡೀಸೆಲ್ ಸುರಿಯುವ ಧೂಳಿನ ಆಲಿಕೆಯಲ್ಲೇ ಹೈಡ್ರಾಲಿಕ್ ಎಣ್ಣೆಯನ್ನೂ ಸುರಿದವನು. ಬೇವಿನ ಗಿಡದ ಕೆಳಗೆ ಇದರ ರಿಪೇರಿ ನಡೆಯುವುದಿಲ್ಲ. ಪಂಪೇ ಊರು ಬಿಟ್ಟು ಹೋಗಬೇಕು, ಹೋದದ್ದು ಬರುವ ಹೊತ್ತಿಗೆ ಕಟಾವು ಮುಗಿದಿರುತ್ತದೆ. ಬ್ಯಾಟರಿ ಸತ್ತರೆ ಗೇರಿನ ಗಾಡಿಯಂತೆ ಹಗ್ಗ ಕಟ್ಟಿ ಎಳೆದು ಸ್ಟಾರ್ಟ್ ಮಾಡುವುದೂ ಇಲ್ಲಿ ನಡೆಯದು.

ಎಟಿವಿ ಕೇಳುವ ಹುಡುಗರಿಗೂ ಎರಡು ಮಾತು. ಹೋಂಡಾ 1970ರಲ್ಲಿ ಅಮೆರಿಕದಲ್ಲಿ ಮಾರಿದ ಮೂರು ಚಕ್ರದ ಗಾಡಿ, 1982ರಲ್ಲಿ ಸುಜುಕಿ ತಂದ ನಾಲ್ಕು ಚಕ್ರದ ಕ್ವಾಡ್‌ರನ್ನರ್, ಇವೆಲ್ಲ ಕಾಲಿನಲ್ಲಿ ಗೇರ್ ಹಾಕುವಂಥವು. 1985ರಲ್ಲಿ ಪೋಲಾರಿಸ್ ಬೆಲ್ಟಿನ ಆಟೋಮ್ಯಾಟಿಕ್ ತಂದಿತು, ಈಗ ದೊಡ್ಡ ಎಟಿವಿಗಳಲ್ಲಿ ಹೆಚ್ಚಿನವು ಅದೇ ದಾರಿ. ನಮ್ಮವರಿಗೆ ಅದು ಹೊಸತೇನಲ್ಲ. 1984ರ ಕೈನೆಟಿಕ್ ಹೋಂಡಾದಿಂದ ಇವತ್ತಿನ ಆಕ್ಟಿವಾದವರೆಗೆ ಸ್ಕೂಟರಿನ ಎಡ ಡಬ್ಬಿಯೊಳಗೆ ತಿರುಗುವುದು ಅದೇ ಬೆಲ್ಟು, ಅದೇ ಎರಡು ಪುಲ್ಲಿ. ಆಕ್ಟಿವಾ ಹಳ್ಳದ ನೀರಿನಲ್ಲಿ ಇಳಿದು ಬಂದ ಮೇಲೆ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ, ನೋಡಿದ್ದೀರಲ್ಲ? ಬೆಲ್ಟಿಗೆ ನೀರು ತಾಗಿ ಜಾರುತ್ತಿರುತ್ತದೆ. ಎಟಿವಿಯಲ್ಲಿ ಆ ಡಬ್ಬಿಗೆ ಎತ್ತರದ ಗಾಳಿಕೊಳವೆ ಇಟ್ಟಿರುತ್ತಾರೆ, ಆದರೂ ಕೊಳವೆ ಮುಳುಗಿದರೆ ಅದೇ ಕಥೆ. ಇಳಿಜಾರಿನಲ್ಲಿ ಎಂಜಿನ್ ಹಿಡಿತವೂ ಹಳೆಯ ಬೆಲ್ಟಿನ ಗಾಡಿಗಳಲ್ಲಿ ಸಿಗುತ್ತಿರಲಿಲ್ಲ. ಕಲ್ಲುಗುಡ್ಡದಲ್ಲಿ ಆಡುವವನಿಗೆ ಗೇರ್, ಗದ್ದೆ ತೋಟದಲ್ಲಿ ನಿಂತು ನಿಂತು ಸಾಗುವವನಿಗೆ ಬೆಲ್ಟು. ಏನೇ ಕೊಂಡರೂ ಅವುಗಳಲ್ಲಿ ಹೆಚ್ಚಿನವನ್ನು ನಮ್ಮ ದೇಶದ ರಸ್ತೆಗೆ ಇಳಿಸುವಂತಿಲ್ಲ ಅನ್ನುವುದು ನೆನಪಿರಲಿ. ಥಾರ್ 2020ರಿಂದ ಎರಡೂ ಬಗೆಯಲ್ಲಿ ಬರುತ್ತಿದೆ, ಫೋರ್ ವೀಲ್ ಡ್ರೈವ್ ಇರುವುದಾದರೆ ಎರಡರಲ್ಲೂ ಲೋ ಗೇರಿನ ಹಿಡಿ ಬೇರೆಯೇ ಇದೆ. ಕೆಸರಿನಲ್ಲಿ ಹೂತಾಗ ಮ್ಯಾನುಯಲ್‌ನವನು ಕ್ಲಚ್ ಸುಡುತ್ತಾನೆ, ಆಟೋಮ್ಯಾಟಿಕ್‌ನವನು ಸುಡುವುದಿಲ್ಲ. ಮದುವೆ, ಜಾತ್ರೆ, ರಾಯಚೂರು ಕೋರ್ಟು ಅಂತ ಓಡಾಡುವವನಿಗೆ ನಾನು ಆಟೋಮ್ಯಾಟಿಕ್ಕೇ ಹೇಳುತ್ತೇನೆ.

ಮತ್ತೆ ಗದ್ದೆಗೆ ಬರೋಣ. ನಮ್ಮ ಅಕ್ಕನ ಮಗನೊಬ್ಬ ಸಾಲ ಮಾಡಿ ಬಾಡಿಗೆಗೆ ಬಿಡಲು ಮಷಿನ್ ಕೊಳ್ಳಬೇಕು ಅಂತ ಹೊರಟಿದ್ದಾನೆ. "ಮಾವ, ಗೇರಿಂದು ಅಗ್ಗ ಐತಿ, ಕೆಟ್ರೆ ನೀವು ಅದೀರಿ" ಅಂದ. ಅವನ ಲೆಕ್ಕದಲ್ಲಿ ಡ್ರೈವರ್ ಇರಲಿಲ್ಲ. ಕಟಾವಿನ ವಾರಗಳಲ್ಲಿ ರಾತ್ರಿ ಲೈಟು ಹಾಕಿಕೊಂಡು ಹೊಡೆಯಬೇಕು. ಈಗಿನ ಹುಡುಗರು ಆಕ್ಟಿವಾದಲ್ಲಿ ಗಾಡಿ ಕಲಿತವರು, ಹಾಫ್ ಕ್ಲಚ್ಚಿನಲ್ಲಿ ಕೆಸರು ದಾಟಿಸುವ ಕಾಲು ಅವರಿಗಿಲ್ಲ. ನಮ್ಮ ಕಡೆಯ ಹಳೇ ಡ್ರೈವರುಗಳಿಗೆ ಇತ್ತು, ಅವರಿಗೆ ವಯಸ್ಸಾಯಿತು. ಅಳ್ಳಕ ಕಾಲಿನವನ ಕೈಗೆ ಗೇರಿನ ಮಷಿನ್ ಕೊಟ್ಟರೆ ಅಗ್ಗದಲ್ಲಿ ಉಳಿಸಿದ್ದು ಕ್ಲಚ್ ಪ್ಲೇಟಿಗೇ ಹೋಗುತ್ತದೆ, ಜೊತೆಗೆ ಹಿಂದೆ ಉದುರುವ ಕಾಳಿಗೆ ಗದ್ದೆಯ ಮಾಲೀಕ ಬೈಯುತ್ತಾನೆ, ಮುಂದಿನ ವರ್ಷ ಕರೆಯುವುದಿಲ್ಲ. ಹೈಡ್ರೋ ತಗೊ ಅಂದೆ. ಸ್ವಂತ ಗದ್ದೆಗೆ ಮಾತ್ರ ಬೇಕು ಅನ್ನುವವನಿಗೆ ಯಾವುದನ್ನೂ ಕೊಳ್ಳಬೇಡ, ಕೃಷಿ ಯಂತ್ರಧಾರೆ ಕೇಂದ್ರದಲ್ಲೋ ಬಾಡಿಗೆಯವರಲ್ಲೋ ತರಿಸು ಅನ್ನುತ್ತೇನೆ. ಹೊಸದನ್ನೇ ಕೊಳ್ಳುವವನು ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಂಥ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಗಳ ವರದಿ ಕೇಳಬೇಕು. ಡೀಸೆಲ್ ಎಷ್ಟು, ಕಾಳು ಎಷ್ಟು ಪೋಲು ಅಂತ ಅದರಲ್ಲಿ ಅಳೆದು ಬರೆದಿರುತ್ತಾರೆ. ಶೋರೂಮಿನವರು ತಾವಾಗಿ ತೋರಿಸುವುದಿಲ್ಲ, ಕೇಳಬೇಕು.

ಅಳಿಯ ಹೊಸದು ಬಿಟ್ಟು ಹಳೆಯದಕ್ಕೆ ಮನಸ್ಸು ಮಾಡಿದ್ದಾನೆ. ಹಳೇ ಹೈಡ್ರೋ ನೋಡುವ ಕ್ರಮ ಬೇರೆ. ತಣ್ಣಗಿದ್ದಾಗ ಎಣ್ಣೆ ಗಟ್ಟಿ, ಸವೆದ ಪಂಪೂ ಎಳೆಯುತ್ತದೆ. ಕಾದ ಮೇಲೆ ಎಣ್ಣೆ ತೆಳುವಾಗಿ ಗೀರುಗಳಲ್ಲಿ ಸೋರತೊಡಗುತ್ತದೆ, ಬದು ಹತ್ತಿಸಿದರೆ ಮಷಿನ್ ಏದುಸಿರು ಬಿಡುತ್ತದೆ. ಹೀಗಾಗಿ ಮಾರುವವರು ಬೆಳಿಗ್ಗೆ ಆರಕ್ಕೇ ಕರೆಯುತ್ತಾರೆ. ಗೇಜಿನಲ್ಲಿ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣವಾಗಿದ್ದರೆ ನೀರು ಸೇರಿದೆ, ಅಲ್ಲಿಂದಲೇ ತಿರುಗಿ ಬರಬೇಕು. ಬಣ್ಣ ಸರಿಯಿದ್ದರೆ ಎರಡು ತಾಸು ಗದ್ದೆಯಲ್ಲಿ ಓಡಿಸಿ, ಕಾದ ಮಷಿನ್ನನ್ನೇ ಬದುವಿಗೆ ಹತ್ತಿಸಿ, ಅರ್ಧದಲ್ಲಿ ಹಿಡಿ ಮಧ್ಯಕ್ಕೆ ತಂದು ನಿಲ್ಲಿಸಿ ನೋಡಬೇಕು. ನಿಂತಲ್ಲಿ ನಿಂತರೆ ಮಾತು ಮುಂದುವರಿಸಬಹುದು, ತಾನಾಗಿ ಬೇಗ ಬೇಗ ಹಿಂದೆ ಸರಿದರೆ ಬೆಲೆ ಎಷ್ಟು ಇಳಿಸಿದರೂ ಬೇಡ. ಬೆಳಿಗ್ಗೆ ಬೇಡ, ಮಧ್ಯಾಹ್ನ ಎರಡಕ್ಕೆ ಬರುತ್ತೇವೆ, ಮಷಿನ್ ಕೆಲಸದಲ್ಲೇ ಇರಲಿ ಅಂತ ಅದನ್ನು ಮಾರುವ ಗಂಗಾವತಿಯ ಪಾರ್ಟಿಗೆ ಹೇಳಿ ಕಳಿಸಿದ್ದೇವೆ. ಅವರಿಂದ ಇನ್ನೂ ಫೋನ್ ಬಂದಿಲ್ಲ.